ಕರೆಂಟಿಲ್ಲದ ಊರಾಗ ಕರೆಂಟು

ಶಿವಕಾಂತಾ: ನಾ ಬಾವಿಯಿಂದ ಸೇದಿ ತಂದ ನೀರು ನೆಲಕ್ಕ ಕುಡಿಸಾಕತ್ತೀರಲ್ರಿ, ನೆಲಕ್ಕೇನು ನೀರಡಿಕಿ ಆಗ್ಯದೇನು?

ಕಲ್ಯಾಣಪ್ಪ: ನೆಲಕ್ಕಲ್ಲಬೇ, ಬಿಜಲಿ ಸಲುವಾಗಿ. ನೆಲ ಹಸಿ ಇದ್ರ ಅದು ಸುಮ್ನ ಇಳಿದು ಹೋಗ್ತದ.

ಶಿವಕಾಂತಾ: ಯಾವ ಬಿಜಲಿ?

ಕಲ್ಯಾಣಪ್ಪ: ಈ ಹಲಗ್ಯಾಗಿಂದು.

ಶಿವಕಾಂತಾ: ಆಳಂದದಾಗ ಕಂಬಿಲ್ಲ, ತಂತಿಲ್ಲ. ಕಚೇರ್ಯಾಗ ಸೈತ ಕಂದೀಲು ಹಚ್ತಾರ. ಸರಕಾರಕ್ಕ ಬರದ ಬಿಜಲಿ ನಿಮ್ಮ ಹಲಗಿಗಿ ಬಂತೇನು?

ಕಲ್ಯಾಣಪ್ಪ ಇನ್ನೊಂದು ತಂಬಿಗೆ ನೀರು ಚೆಲ್ಲಿದ. ಆಳಂದದ ಪೇಟೆಯಲ್ಲಿ ಕಾಲಿನಿಂದ ತುಳಿದು ನಡೆಸುವ ಒಂದು ಮುದ್ರಣಯಂತ್ರ ಇಟ್ಟುಕೊಂಡು, ಮದುವೆಯ ಪತ್ರಿಕೆ, ಗಿರಣಿಯ ಚೀಟಿ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ಅವನು. ಕಾಗದ ಇಲ್ಲಿಯವರೆಗೆ ಅವನ ಮಾತು ಮೀರಿದ್ದಿಲ್ಲ. ಈಗ ಮುಂದಿದ್ದದ್ದು ಕಾಗದವಲ್ಲ; ಮುಂಬಯಿಯಿಂದ ಬಂದ ಸೆಲ್ಯುಲಾಯ್ಡಿನ ಗಟ್ಟಿ ಹಾಳೆ, ಕಡುನೀಲಿ ಬಣ್ಣದ ಮೂರು ಹಲಗೆ. ಒಣ ಚಳಿ ಬಿದ್ದಾಗಿನಿಂದ ಅವಕ್ಕೆ ಹುಚ್ಚು ಹಿಡಿದಿತ್ತು. ಒಂದನ್ನು ಎತ್ತಿದರೆ ಕೆಳಗಿನದೂ ಅಂಟಿಕೊಂಡು ಏಳುತ್ತಿತ್ತು. ಮುಟ್ಟಿದರೆ ಬೆರಳಿಗೆ ಚಟ್ಟನೆ ಹೊಡೆಯುತ್ತಿತ್ತು. ಮಸಿ ಒಣಗುವುದರೊಳಗೆ ಪಕ್ಕದಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಿಂದ ಅರಳೆಯ ಎಳೆಗಳು ಹಾರಿಬಂದು ಕೂತು, ಅಕ್ಷರಗಳಿಗೆಲ್ಲ ಗಡ್ಡ ಬೆಳೆಯುತ್ತಿತ್ತು.

ಶಿವಕಾಂತಾ: ಕಂಬಿಲ್ಲದ ಬಿಜಲಿ ಹ್ಯಾಂಗ ಹುಟ್ತದ, ಅದನ್ನರ ಹೇಳ್ರಿ.

ಕಲ್ಯಾಣಪ್ಪ: ತಿಕ್ಕಿದ್ರ ಹುಟ್ತದಂತ. ಸೊಲ್ಲಾಪುರದಾಗ ಛಾಪಖಾನಿ ಇಟ್ಟಂವ ಹೇಳ್ಯಾನ.

ಶಿವಕಾಂತಾ: ಲಗ್ನ ಆದಾಗಿಂದ ನಾ ಗಂಗಾಳ ತಿಕ್ಕಾಕತ್ತೇನಿ. ಒಂದಿನಾನೂ ದೀಪ ಹತ್ಲಿಲ್ಲ.

ಕಲ್ಯಾಣಪ್ಪ: ಗಂಗಾಳ ಹಿತ್ತಾಳಿದು. ಬಿಜಲಿ ಅದರಾಗ ನಿಂದ್ರಂಗಿಲ್ಲ, ಹರಿದು ಹೋಗ್ತದ. ಈ ಹಲಗಿ ಹಂಗಲ್ಲ. ಬಂದದ್ದು ಬಿಡಂಗಿಲ್ಲ, ಮತ್ತೊಬ್ಬರದು ಎಳಕೊಳ್ಳೂದು ತಪ್ಪಿಸಂಗಿಲ್ಲ.

ಶಿವಕಾಂತಾ: ಸಾವ್ಕಾರ್ರ ಹೆಸರು ಹಾಕೀರಲ್ಲ, ಅವರ ಗುಣ ಬಂದದ ಬಿಡ್ರಿ.

ಮಾತು ಸುಳ್ಳಲ್ಲ. ಜಿನ್ನು ದೌಲತರಾಯ ಸಾಹುಕಾರನದು, ಯಂತ್ರ ನಿಂತ ಈ ಮನೆಯೂ ಅವನದೇ, ಹಲಗೆಗಳೂ ಅವನವೇ. ಆಳಂದದ ವಾಡೆಗೊಂದು, ಅಫಜಲಪುರದ ಮನೆಗೊಂದು, ಜೇವರ್ಗಿಯ ಗೋದಾಮಿಗೊಂದು ಎಂದು ಹಿಂದಿನ ವರ್ಷ ಮಾಡಿಸಿದ್ದ. ಆಗ ಮೇಲಿನ ಸಾಲಿನಲ್ಲಿ ‘ನಿಜಾಮ ಸರಕಾರದ ವಿಶ್ವಾಸಿ ಸೇವಕ’ ಎಂದೂ ಅದರ ಕೆಳಗೆ ‘ದೌಲತರಾಯ’ ಎಂದೂ ಇತ್ತು. ಈ ವರ್ಷ ಹಿಂದೂಸ್ತಾನದ ದಂಡು ಬಂತು, ನಿಜಾಮರ ರಾಜ್ಯ ಹೋಯಿತು, ಸಾಹುಕಾರನ ತಲೆಯ ಮೇಲೆ ರುಮಾಲು ಹೋಗಿ ಖಾದಿ ಟೋಪಿ ಬಂತು. ಹೊಸ ಹಾಳೆ ಎಲ್ಲೂ ಸಿಗಲಿಲ್ಲ. ಹಳೆಯ ಮೇಲಿನ ಸಾಲನ್ನು ಕೆರೆದು ತೆಗೆದು, ಹೆಸರಿನ ಕೆಳಗೆ ‘ಭಾರತ ಸರಕಾರದ ವಿಶ್ವಾಸಿ ಸೇವಕ’ ಎಂದು ಅಚ್ಚು ಹಾಕು ಎಂದ. ಗಾಳಿ ಬಂದಾಗ ತೂರಿಕೊಳ್ಳುವವರಿಗೆ ಹೆಸರು ಬದಲಿಸುವ ತಾಪತ್ರಯ ಇರುವುದಿಲ್ಲ.

ನಾಳೆ ಮುಂಜಾನೆ ಮಿಲಿಟರಿ ಸಾಹೇಬರು ಬರುವವರಿದ್ದರು. ಅಷ್ಟರಲ್ಲಿ ಹಲಗೆ ವಾಡೆಯ ಬಾಗಿಲ ಮೇಲೆ ಇರದಿದ್ದರೆ ನಿನ್ನ ಯಂತ್ರ ಬೀದಿಯಲ್ಲಿರುತ್ತದೆ ಎಂದು ಸಾಹುಕಾರ ಹೇಳಿಕಳಿಸಿದ್ದ.

ಶಿವಕಾಂತಾ: ಮತ್ತ ಆಕಳ ಸರಪಳಿ ಮಷೀನಿಗ್ಯಾಕ ಬಿಗಿದೀರಿ? ಆಕಳು ಓಣಿ ತುಂಬ ತಿರಗಾಕತ್ತದ, ಎಲ್ಲೂ ಹೋಗದ ಮಷೀನು ಕಟ್ಟಿ ಹಾಕೀರಿ.

ಕಲ್ಯಾಣಪ್ಪ: ಬಿಜಲಿ ಅದನ್ನ ಹಿಡ್ಕೊಂಡು ನೆಲಕ್ಕ ಇಳೀಲಿ ಅಂತ. ಬೈಯೂದು ನಾಳಿಗಿ ಇಟ್ಕೋ. ಈಗ ಹಸಿ ಅರಬಿ ಹಿಂಡಿ ಹಲಗಿ ಒರಸು.

ಅವಳು ಗೊಣಗುತ್ತಲೇ ಒರೆಸಿದಳು. ಅವನು ಯಂತ್ರ ತುಳಿದ. ಮೊದಲನೆಯ ಹಲಗೆ ಸ್ವಚ್ಛವಾಗಿ ಬಂತು. ಹಳದಿ ಅಕ್ಷರಗಳ ಮೇಲೆ ಒಂದೆಳೆ ಅರಳೆ ಇಲ್ಲ. ಎರಡನೆಯದು, ಮೂರನೆಯದೂ ಹಾಗೇ. ಕಲ್ಯಾಣಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಶಿವಕಾಂತಾ ಅದನ್ನು ನೋಡಿ, ಅದನ್ನೂ ನೆಲಕ್ಕ ಹಾಕ್ರಿ, ನನಗೊಂದು ಕೊಡ ಉಳೀತದ ಅಂದಳು.

ಸಂಜೆಯ ಹೊತ್ತಿಗೆ ಮಸಿ ಒಣಗಿತು. ಆಗ ಉಣ್ಣೆಯ ಶಾಲು ಹೊದ್ದು ದೌಲತರಾಯ ಸಾಹುಕಾರ ತಾನೇ ಬಂದ. ಒಳಗೆ ಕಾಲಿಟ್ಟವನು ಕೆಸರಿನಲ್ಲಿ ಜಾರಿ, ಬಾಗಿಲು ಹಿಡಿದು ನಿಂತ.

ದೌಲತರಾಯ: ಏನಲೇ ಕಲ್ಯಾಣ್ಯಾ, ನನ್ನ ಮನ್ಯಾಗ ಗದ್ದಿ ಮಾಡೀ ಏನು? ಮತ್ತ ಈ ಸರಪಳಿ? ಹೊರಗ ಹಾಕ್ತೇನಿ ಅಂದಿದ್ದಕ್ಕ ಮಷೀನು ನೆಲಕ್ಕ ಬಿಗಿದಿ?

ಕಲ್ಯಾಣಪ್ಪ: ಅಲ್ರಿ ಸಾವ್ಕಾರ್ರ, ಬಿಜಲಿ ಇಳೀಲಿ ಅಂತ.

ದೌಲತರಾಯ: ಬಿಜಲಿ? ನನ್ನ ಮನ್ಯಾಗ ನನ್ನ ಕೇಳದ ಬಿಜಲಿ ತಂದಿ?

ಕಲ್ಯಾಣಪ್ಪ: ತಂದಿಲ್ರಿ, ಹಲಗ್ಯಾಗ ತಾನಾಗೇ ಹುಟ್ತದ.

ದೌಲತರಾಯ: ಹಲಗಿ ನಂದು, ಮನಿ ನಂದು. ಹುಟ್ಟಿದ್ದೂ ನಂದ ಆತು.

ಶಿವಕಾಂತಾ: ಹಂಗಿದ್ರ ಅದರ ಹೊಡತಾನೂ ನೀವೇ ತಿನ್ನಬೇಕ್ರಿ. ಮುಂಜಾನಿಂದ ನಮ್ಮೋರೇ ತಿಂದಾರ.

ಸಾಹುಕಾರನಿಗೆ ಅದು ಕೇಳಿಸಲಿಲ್ಲ. ಅವನ ಮುಖ ಅರಳಿತ್ತು. ಊರಲ್ಲಿ ಯಾರಿಗೂ ಇಲ್ಲದ್ದು ತನ್ನ ಮನೆಯಲ್ಲಿ ಹುಟ್ಟಿದೆ ಎಂದರೆ, ಅದಕ್ಕೆ ಏನು ಉಪಯೋಗ ಎಂದು ಕೇಳುವ ಜಾತಿಯವನಲ್ಲ ಅವನು.

ದೌಲತರಾಯ: ನಾಳಿ ಸಾಹೇಬ್ರಿಗಿ ಹೇಳ್ತೇನಿ, ಆಳಂದಕ್ಕ ಬಿಜಲಿ ತಂದಂವ ದೌಲತರಾಯ ಅಂತ.

ಕಲ್ಯಾಣಪ್ಪ: ದೀಪ ಹತ್ತಂಗಿಲ್ರಿ ಅದರಲೆ. ಅರಳಿ ಎಳೀತದ, ಅಷ್ಟ.

ದೌಲತರಾಯ: ಅರಳಿ ಎಳೀತದ? ಅಷ್ಟು ಮಂದಿಗಿ ಕೂಲಿ ಕೊಟ್ಟು ಜಿನ್ನು ನಡಸಾಕತ್ತೇನಿ, ಇದನ್ನ ನೀ ಮೊದಲ ಹೇಳಬಾರದಾ? ತೋರಸು, ಹ್ಯಾಂಗ ಎಳೀತದ.

ಕಲ್ಯಾಣಪ್ಪ: ಬ್ಯಾಡ್ರಿ. ಭಾಳ ತ್ರಾಸು ಬಿದ್ದು ಅದನ್ನ ತಣ್ಣಗ ಮಾಡೇನಿ. ಒಣ ಅರಬಿಲೆ ತಿಕ್ಕಿದ್ರ ಮತ್ತ ಏಳ್ತದ.

ದೌಲತರಾಯ: ಏಳಲಿ. ನನ್ನ ಬಿಜಲಿ ನೆಲಕ್ಕ ಚೆಲ್ಲಾಕ ನಿನಗ್ಯಾರು ಹೇಳ್ಯಾರ?

ಹಲಗೆಯೊಂದನ್ನು ಕಸಿದುಕೊಂಡು ಅವನು ಹೊರಗಿನ ಒಣ ಕಟ್ಟೆಗೆ ಹೋಗಿ ಕೂತ. ಶಾಲಿನ ಸೆರಗು ಹಿಡಿದು, ಕುದುರೆ ಮಾಲೀಸು ಮಾಡುವವರಂತೆ ಮೇಲಿಂದ ಕೆಳಗೆ ತಿಕ್ಕತೊಡಗಿದ. ಓಣಿಯ ಜನ ಒಬ್ಬೊಬ್ಬರಾಗಿ ಬಂದು ನಿಂತರು. ಜಿನ್ನಿನ ಗೋಡೆ ದಾಟಿ ಬಂದ ಅರಳೆ, ಗಾಳಿಯಲ್ಲಿ ಹೊರಟಿದ್ದದ್ದು, ದಾರಿ ಬದಲಿಸಿ ಹಲಗೆಯ ಕಡೆ ಧಾವಿಸಿತು.

ದೌಲತರಾಯ: ನೋಡ್ರಲೇ, ನನ್ನ ಬಿಜಲಿ ನೋಡ್ರಿ.

ಜನ ನೋಡಿದರು. ನುಣುಪಾದ ಜಾಗದಲ್ಲಿ ಕೂತ ಅರಳೆ ಗಾಳಿಗೆ ಹಾರಿಹೋಗುತ್ತಿತ್ತು. ಹಳೆಯ ಸಾಲನ್ನು ಅಕ್ಷರದ ಗುರುತಿನ ಮೇಲೇ ಕೆರೆದ ಗೀರುಗಳಲ್ಲಿ ಮಾತ್ರ ಗಟ್ಟಿಯಾಗಿ ಸಿಕ್ಕಿಕೊಂಡು, ಕಡುನೀಲಿಯ ಮೇಲೆ ಬೆಳ್ಳಗೆ ಒಂದೊಂದೇ ಅಕ್ಷರ ಎದ್ದು ನಿಂತಿತು. ಗಂಡನ ಅಚ್ಚುಮೊಳೆ ಜೋಡಿಸಿಯೇ ಓದು ಕಲಿತಿದ್ದ ಶಿವಕಾಂತಾ, ಸಾಲು ಪೂರ್ತಿ ತುಂಬುವ ತನಕ ಕಾದು ಬಾಯಿ ತೆರೆದಳು.

ಶಿವಕಾಂತಾ: ಚಂದ ಆತ್ರಿ ಸಾವ್ಕಾರ್ರ. ಮ್ಯಾಲೆ ನಿಜಾಮ ಸರಕಾರ, ಕೆಳಗ ಭಾರತ ಸರಕಾರ, ನಡುವ ನೀವು. ಇಬ್ಬರಿಗೂ ವಿಶ್ವಾಸಿ.

ಜನರಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಸಾಹುಕಾರ ಬೆವರಿ, ಮೇಲಿನ ಸಾಲನ್ನು ಶಾಲಿನಿಂದಲೇ ಗಸಗಸ ಒರೆಸಿದ. ಇದ್ದ ಅರಳೆ ಉದುರಿ ಅದರ ಎರಡರಷ್ಟು ಬಂದು ಕೂತಿತು.

ಕಲ್ಯಾಣಪ್ಪ: ಶಾಲಿಲೆ ಬ್ಯಾಡ್ರಿ. ಅಳಸಬೇಕಂತ ತಿಕ್ಕಿದಷ್ಟೂ ಅದು ಎದ್ದು ಕಾಣ್ತದ.

ದೌಲತರಾಯ: ಕಲ್ಯಾಣಪ್ಪಾ, ಏನರ ಮಾಡಪಾ. ಸಾಹೇಬ್ರು ಇದನ್ನ ಓದಿದ್ರ ನನ್ನ ಗತಿ ಏನು?

ಮಾತಿನಲ್ಲಿ ‘ಲೇ’ ಹೋಗಿ ಹೆಸರಿಗೆ ‘ಅಪ್ಪ’ ಸೇರಿದ್ದನ್ನು ಗಂಡಹೆಂಡಿರಿಬ್ಬರೂ ಗಮನಿಸಿದರು. ಕಲ್ಯಾಣಪ್ಪ ಒಳಗೆ ಓಡಲು ಹೊರಟ. ಶಿವಕಾಂತಾ ಅವನ ಧೋತರದ ಚುಂಗು ಹಿಡಿದು ನಿಲ್ಲಿಸಿ, ಹಸಿ ಬಟ್ಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಮುಂದೆ ಬಂದಳು.

ಶಿವಕಾಂತಾ: ಒರಸ್ತೇನ್ರಿ. ಆದ್ರ ಮನಿ ಬಿಡೂ ಮಾತು?

ದೌಲತರಾಯ: ಯಾರು ಬಿಡಂದ್ರು? ಇರ್ರಿ. ಮಷೀನೂ ಇರಲಿ.

ಶಿವಕಾಂತಾ: ನನಗ ಕೇಳ್ಸಿತ್ರಿ. ಈ ಮಂದಿಗಿ ಕೇಳಿಸಿಲ್ಲ.

ಸಾಹುಕಾರ ಎದ್ದು ನಿಂತು, ಕಲ್ಯಾಣಪ್ಪನ ಛಾಪಖಾನೆ ಇಲ್ಲೇ ಇರುತ್ತದೆ, ಯಾರೂ ಬಿಡಿಸುವುದಿಲ್ಲ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಅವಳು ಕೂತು ನಿಧಾನವಾಗಿ ಒರೆಸಿದಳು. ನಿಜಾಮ ಸರಕಾರ ಎರಡನೆಯ ಸಲ ಹೋಯಿತು.

ದೌಲತರಾಯ: ಇನ್ನ ಏಳಂಗಿಲ್ಲಲ್ಲ?

ಕಲ್ಯಾಣಪ್ಪ: ಉಣ್ಣಿ ಅರಬಿ ತಾಗದಂಗ ನೋಡ್ಕೋಬೇಕ್ರಿ, ಅಷ್ಟ.

ದೌಲತರಾಯ: ಈ ಚಳ್ಯಾಗ ಶಾಲು ಇಲ್ದ ಸಾಹೇಬ್ರ ಮುಂದ ಹ್ಯಾಂಗ ನಿಂದ್ರಲಿ?

ಶಿವಕಾಂತಾ: ಶಾಲು ಹೊದ್ಕೊಂಡೇ ನಿಂದ್ರಿ ಸಾವ್ಕಾರ್ರ. ನಿಮ್ಮ ಹೆಸರಿನ ಹಂತ್ಯಾಕ ಮಾತ್ರ ನಿಂದ್ರಬ್ಯಾಡ್ರಿ. ನೀವು ದೂರ ಇದ್ರ ಅದು ನೀವು ಹೇಳಿದ್ದು ಹೇಳ್ತದ, ಹಂತ್ಯಾಕ ಬಂದ್ರ ಖರೇ ಹೇಳ್ತದ.