ಮೋಟಾರು ಬೇಡವೆಂದ ವಕೀಲರು

ಭಾನುವಾರ ಬೆಳಗಿನ ಚಹಾ ಕುಡಿಯುತ್ತ ಗುರಲಿಂಗಪ್ಪ ವಕೀಲರು ಹೆಂಡತಿಯನ್ನು ಒಂದು ಮಾತು ಕೇಳಿದರು. ತೊಂದರೆಯೆಲ್ಲ ಹುಟ್ಟಿದ್ದು ಅಲ್ಲಿಂದಲೇ.

"ದಲಾಲಿ ಅಂಗಡಿ ಶಿವಯೋಗೆಪ್ಪ ತನ್ನ ಮೋಟಾರ ಮಾರತಾನಂತ. ನಾವ ತಗೊಂಡ್ರ ಹ್ಯಾಂಗ?"

ನೀಲಾಬಾಯಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನೋಡ್ರಿ" ಎಂದು ರೊಟ್ಟಿ ಬಡಿಯತೊಡಗಿದಳು. ಆದರೆ ಸಿದ್ಧೇಶ್ವರ ಗುಡಿಯ ಹಿಂದಿನ ಆ ಓಣಿಯಲ್ಲಿ ಗೋಡೆಗಳು ಹೆಸರಿಗಷ್ಟೇ ಇದ್ದವು. ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿದ್ದ ಪಕ್ಕದ ಮನೆಯ ಗುರುಸಿದ್ದವ್ವ, ಗುಬ್ಬಿ ಕಾಳು ಹೆಕ್ಕಿದಂತೆ ಆ ಮಾತನ್ನು ಹೆಕ್ಕಿಕೊಂಡಳು. ವಕೀಲರು ಸ್ನಾನ ಮುಗಿಸುವಷ್ಟರಲ್ಲಿ ಮುದುಕಿ ಬಾಗಿಲಲ್ಲಿದ್ದಳು.

"ಚಲೋ ಆತ ಬಿಡ ಯಪ್ಪಾ. ಬಬಲೇಶ್ವರದಿಂದ ಮಗಳನ್ನ ಬಾಣಂತನಕ್ಕ ಕರಕೊಂಡ ಬರೂದೈತಿ. ಚಕ್ಕಡಿ ಕುಲಕಾಟ ಆಕಿಗೆ ತಡಿಯೂದಿಲ್ಲ. ನಿನ್ನ ಮೋಟಾರ ಕಳಸು."

"ಇನ್ನೂ ತಗೊಂಡಿಲ್ಲ ಬೇ."

"ತಗೊಂಡ ಮ್ಯಾಲೇ ಕಳಸು. ನಾ ಏನ ಈಗಿಂದೀಗ ಅಂದೇನೇನು?"

ಅವಳು ನೀರಿಗೆ ಹೋದಳು. ತೆಗೆದುಕೊಳ್ಳಬಹುದು ಎಂಬ ಮಾತು ನಳದ ಹತ್ತಿರ ತೆಗೆದುಕೊಂಡರು ಎಂದಾಯಿತು.

ಎದುರು ಮನೆಯ ಗುರುಪಾದಯ್ಯ ಮಾಸ್ತರರು ಓಡಿಬಂದರು. ಅವರು ಒಮ್ಮೆ ತಾಲೂಕಿನ ಮಾಮಲೇದಾರರ ಮೋಟಾರಿನಲ್ಲಿ ಕೂತಿದ್ದರು. ಹಾಗಾಗಿ ಯಂತ್ರದ ವಿಷಯದಲ್ಲಿ ಓಣಿಗೆ ಅವರದೇ ಕಡೆಯ ತೀರ್ಪು.

"ಓಡಿಸಿ ನೋಡದ ತಗೋಬ್ಯಾಡ್ರಿ ವಕೀಲರ. ನಾ ಬರತೇನಿ."

ಶಿವಯೋಗೆಪ್ಪ ಸಂತೋಷದಿಂದ ಡ್ರೈವರ್ ಮಲಂಗಸಾಬನ ಜೊತೆ ಮೋಟಾರು ಕಳಿಸಿದ. ತಿಕೋಟಾದಲ್ಲಿ ವಕೀಲರಿಗೆ ಒಬ್ಬ ಕಕ್ಷಿದಾರನನ್ನು ಕಾಣುವುದಿತ್ತು. ಅತ್ತಲೇ ಹೊರಟರು. ಎದುರುಗಾಳಿ ಮುಖಕ್ಕೆ ಬಡಿಯಿತು, ಚಕ್ಕಡಿಗಳು ಸರಿದು ದಾರಿ ಬಿಟ್ಟವು. ವಕೀಲರ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು. ಆದರೆ ಮುಂದೆ ಕೂತ ಮಾಸ್ತರರು ಸುಮ್ಮನಿರಲಿಲ್ಲ.

"ಬಾಗಿಲ ಕೈಲೆ ಹಿಡಕೊಂಡ ಕೂಡಬೇಕು. ಸಪ್ಪಳ ಕೇಳ್ರಿ, ಹಿಟ್ಟಿನ ಗಿರಣಿ ಬೆನ್ನ ಹತ್ತಿದಂಗ ಐತಿ. ಯುದ್ಧ ಮುಗದ್ರೂ ಪೆಟ್ರೋಲ ರೇಶನ್ ಚೀಟಿ ಮ್ಯಾಲೇ ಸಿಗತೈತಿ. ಇದು ಆನಿ ನೀರ ಕುಡದಂಗ ಕುಡಿತೈತಿ."

ಮಲಂಗಸಾಬ ಉತ್ತರವಾಗಿ ಹಾರ್ನ್ ಒತ್ತಿದ.

ತಿಕೋಟಾದಲ್ಲಿ ಕಕ್ಷಿದಾರ ಧೂಳಪ್ಪ ಮೋಟಾರನ್ನು ಒಂದು ಸುತ್ತು ಹಾಕಿ ನೋಡಿ, ಕೈಮುಗಿದ.

"ನಾ ಟಾಂಗಾದಾಗ ಬರೂ ವಕೀಲರನ್ನ ಹಿಡದಿದ್ದೆ ಯಪ್ಪಾ. ಮೋಟಾರ ವಕೀಲರು ನಮಗ ಎಟಕೂದಿಲ್ರಿ. ಹೊಲದ ಕಾಗದ ತಿರಗಿ ಕೊಟ್ಟಬಿಡ್ರಿ."

ಇದು ಬರೀ ನೋಡಲು ತಂದ ಗಾಡಿ ಎಂದು ವಕೀಲರು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಕಾಗದ ಇಸಿದುಕೊಂಡೇ ಬಿಟ್ಟ.

ಮರಳುವ ದಾರಿಯಲ್ಲಿ ಊರು ಹತ್ತಿರವಾದಾಗ ವಕೀಲರು, "ಬ್ಯಾಡ ಅಂದಬಿಡೂನ್ರಿ ಮಾಸ್ತರ" ಎಂದರು.

"ಶಾಣ್ಯಾತನ ಮಾಡಿದ್ರಿ. ಅವನ ಮಾರಿ ನೋಡಿ ಬ್ಯಾಡ ಅನ್ನಾಕ ನಿಮಗ ಸಂಕೋಚ ಆಕ್ಕೈತಿ. ನೀವ ಇಲ್ಲೇ ಇಳೀರಿ. ಶಿವಯೋಗೆಪ್ಪಗ ನಾನ ಹೇಳತೇನಿ."

ನೆರೆಯವರೆಂದರೆ ಹೀಗಿರಬೇಕು ಎಂದುಕೊಂಡು ವಕೀಲರು ಇಳಿದು ಮನೆಗೆ ಹೋದರು. ಊಟ ಮಾಡಿ, ಒಂದು ನಿದ್ದೆ ತೆಗೆದು, ಸಂಜೆ ಟಾಂಗಾ ನಿಲ್ಲುವಲ್ಲಿಗೆ ನಡೆದರು. ಹನ್ನೆರಡು ವರ್ಷ ಅವರನ್ನು ಕೋರ್ಟಿಗೆ ಒಯ್ದ ಲಾಡಲೇಸಾಬ ಅಲ್ಲಿ ಕುದುರೆಯ ಮೈ ತಿಕ್ಕುತ್ತಿದ್ದ.

"ನಾಳೆ ಹತ್ತಕ್ಕ ಬಾರಪಾ, ದಿನದಂಗ."

ಲಾಡಲೇಸಾಬ ಕುದುರೆಯ ಕಡೆಗೇ ನೋಡಿದ. "ನೀವ ಮೋಟಾರ ತಗೊಂಡೀರಂತ ಗುರುಸಿದ್ದವ್ವ ಹೇಳಿದ್ಲರಿ. ಈಗ ತಾಸಿನ ಹಿಂದ ಶಿವಯೋಗೆಪ್ಪ ಸಾವಕಾರ್ರು ಬಂದು, ನಾಳಿಂದ ದಿನಾ ನಮಗ ಬಾ ಅಂದ್ರು. ಹೂಂ ಅಂದೇನ್ರಿ."

"ಅವಗ ಟಾಂಗಾ ಯಾಕ ಬೇಕು? ಅವನ ಮೋಟಾರ ನಾ ಬ್ಯಾಡಂದೇನಲ್ಲ."

"ಹೂಂ ಅಂದ ಮ್ಯಾಲೇ ನನಗ ಗೊತ್ತಾತ್ರಿ, ನೀವ ಬ್ಯಾಡಂದ್ರಂತ. ಗುರುಪಾದಯ್ಯ ಮಾಸ್ತರರು ಅಗ್ಗದಾಗ ತಗೊಂಡ್ರಲ್ರಿ. ಈಗ ಗುರುಸಿದ್ದವ್ವನ್ನ ಕುಂದರಿಸ್ಕೊಂಡ ಬಬಲೇಶ್ವರದ ಕಡೆ ಹೋದ್ರು."

ವಕೀಲರು ಟಾಂಗಾದ ಗಾಲಿ ಹಿಡಿದು ನಿಂತರು. ಅವರ ಮುಖ ನೋಡಿ ಲಾಡಲೇಸಾಬ ಕುದುರೆ ತಿಕ್ಕುವುದನ್ನು ನಿಲ್ಲಿಸಿದ.

"ಹಿಂದಿನ ಸೀಟ ಸಾವಕಾರ್ರದ ಆತ್ರಿ" ಎಂದ. "ನೀವ ಬೇಕಂದ್ರ ಮುಂದ, ನನ್ನ ಬಾಜೂಕ ಕೂಡ್ರಿ. ಆಗೊಮ್ಮೆ ಈಗೊಮ್ಮೆ ಕುದರಿಗೆ ಹೊಡಿಯೂ ಚಾಬೂಕ ನಿಮಗೂ ತಗಲತೈತಿ, ಅಷ್ಟ."