ಬೀಗರ ಎಂಟರ್ ಬಟನ್

ರಿಪೇರಿ ಬಲ್ಲವನ ಮನೆಗೆ ಕೆಟ್ಟ ಸಾಮಾನು ಒಂದೇ ಬರುವುದಿಲ್ಲ ನೋಡ್ರಿ, ಅದರ ಬೆನ್ನಿಗೆ ಸಂಶಯವೂ ಬರುತ್ತದೆ. ನನಗಂತೂ ಇದು ರೂಢಿಯಾಗಿಬಿಟ್ಟಿದೆ. ನಾನೇನು ಸಾಮಾನ್ಯ ಮನುಷ್ಯನೇ? ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಇಳಿಯುವ ವಿಮಾನದ ಸಪ್ಪಳವನ್ನು ಅನಗೋಳದ ನಮ್ಮ ಮಾಳಿಗೆಯ ಮೇಲೆ ನಿಂತು ಕೇಳಿದರೆ ಸಾಕು, ಯಾವ ನಟ್ಟು ಸಡಿಲಾಗಿದೆ ಎಂದು ಹೇಳಬಲ್ಲೆ. ಪೈಲಟ್ ಒಬ್ಬನೂ ಇದುವರೆಗೆ ಬಂದು ಕೇಳಿಲ್ಲ. ಅದು ಅವರ ನಷ್ಟ.

೧. ಕಂಕುಳಲ್ಲಿ ಗಂಟು

ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಅವಳ ಮಾವ, ಅಂದರೆ ನನ್ನ ಬೀಗರು, ಅಲ್ಲಿ ಕಚೇರಿಯ ಎದುರಿಗೆ ಕೂತು ಜನರ ಅರ್ಜಿ ಟೈಪ್ ಮಾಡುವವರು. ಅವರ ಕೀಬೋರ್ಡು ಈಗಿನ ಹಪ್ಪಳದಂಥದ್ದಲ್ಲ, ಹಳೇ ಕಾಲದ್ದು. ಒಂದೊಂದು ಬಟನ್ನಿನ ಕೆಳಗೂ ಒಂದೊಂದು ಸ್ಪ್ರಿಂಗು, ಒತ್ತಿದರೆ ಕಟಕ್ ಅನ್ನುತ್ತದೆ. ಅದರ ಎಂಟರ್ ಬಟನ್ ಸತ್ತಿತ್ತು.

ಇಡೀ ಬೆಳಗಾವಿಯಲ್ಲಿ ಇದನ್ನು ಬಿಚ್ಚಬಲ್ಲ ಗಂಡಸು ನಾನೊಬ್ಬನೇ ಎಂದು ಬೀಗರ ಮನೆಯ ಪಂಕ್ತಿಯಲ್ಲಿ, ಹೋಳಿಗೆಯ ಹುಮ್ಮಸ್ಸಿನಲ್ಲಿ, ನಾನೇ ಸಾರಿ ಬಂದಿದ್ದೆ. ಈಗ ಅದು ದುರಸ್ತಿಯಾಗದಿದ್ದರೆ ಮಗಳು ಆ ಮನೆಯಲ್ಲಿ ಇರುವಷ್ಟು ದಿನವೂ ‘ನಿಮ್ಮಪ್ಪನ ರಿಪೇರಿ’ ಅನ್ನುವ ಮಾತು ಕೇಳಬೇಕು.

ಬೀಗರು ಬಂದರು. ಕಂಕುಳಲ್ಲಿ ಧೋತರದಲ್ಲಿ ಸುತ್ತಿದ ಕೀಬೋರ್ಡು. ಕೂತರೂ ಕೆಳಗಿಡಲಿಲ್ಲ, ಚಹಾ ಕುಡಿದದ್ದೂ ಒಂದೇ ಕೈಯಲ್ಲಿ.

“ಬೀಗರ, ಇಲ್ಲಿ ಕೊಡ್ರಿ.”

“ಕೊಡತೀನ್ರಿ. ಒಳಗಿನ ಸಾಮಾನ ಎಲ್ಲಾ ಅಸಲಿ ಅದಾವ. ಈಗಿನ ಕಾಲದಾಗ ಯಾರ ಏನ ಬದಲಿ ಮಾಡತಾರ ಹೇಳಾಕ ಬರಾಂಗಿಲ್ಲ.”

“ನನ್ನ ಮ್ಯಾಲೆ ಸಂಶೇನ್ರಿ?”

“ಛೇ ಛೇ, ನಿಮ್ಮ ಮ್ಯಾಲಲ್ರಿ,” ಎನ್ನುತ್ತ ಗಂಟನ್ನು ಇನ್ನಷ್ಟು ಒತ್ತಿ ಹಿಡಿದರು.

ಅಡುಗೆಮನೆಯಿಂದ ನನ್ನ ಹೆಂಡತಿ ಅವರಿಗೆ ಧೈರ್ಯ ಹೇಳಿದಳು: “ನೀವು ಅಂಜೂದು ಬರೋಬ್ಬರಿನ ಐತ್ರಿ ಅಣ್ಣಾರ. ಮಿಕ್ಸರ್ ಕೆಟ್ಟರ ನಾ ಇವ್ರಿಗೆ ಹೇಳಾಂಗೇ ಇಲ್ಲ.”

೨. ಶೇಂಗಾದ ತನಿಖೆ

ಎಂಟರ್ ಬಟನ್ನಿನ ಟೊಪ್ಪಿಗೆ ಕಿತ್ತು, ಕೀಬೋರ್ಡನ್ನು ಬೋರಲು ಹಾಕಿ ಜಾಡಿಸಿದೆ. ಚುರಮುರಿ ಬಿತ್ತು, ಸಾಸಿವೆ ಬಿತ್ತು, ಕಡೆಗೆ ಅರ್ಧ ಶೇಂಗಾ ಬಿತ್ತು.

“ಇದು ನಮ್ಮದಲ್ರಿ,” ಅಂದರು ಬೀಗರು. “ನನಗ ಹಲ್ಲಿನ ತ್ರಾಸ ಐತಿ. ನಿಮ್ಮ ಬೀಗತಿ ಚುರಮುರಿಗೆ ಶೇಂಗಾ ಹಾಕೂದ ಬಿಟ್ಟಾಳ.”

“ಹಂಗಾರ ನಾ ಇಟ್ಟೀನೇನ್ರಿ?”

ಬೀಗರು ನನ್ನ ಎರಡೂ ಕೈ ನೋಡಿದರು, ಬಾಯಿ ನೋಡಿದರು. ಆಮೇಲೆ ಅವರ ಮುಖದ ಬಣ್ಣ ಬದಲಾಯಿತು. ಆ ಶೇಂಗಾವನ್ನು ಕಾಗದದಲ್ಲಿ ಮಡಚಿ ಜೇಬಿಗೆ ಇಳಿಸಿದರು.

“ಅದನ್ನ ಯಾಕ ಒಯ್ತೀರಿ?”

“ನಾ ಇಲ್ಲದಾಗ ಮನ್ಯಾಗ ಯಾರ್ಯಾರು ಶೇಂಗಾ ತಿಂತಾರ, ಹೋಗಿ ಕೇಳತೀನ್ರಿ.”

೩. ರವಿವಾರ ಪೇಟೆಯಲ್ಲಿ ಇಬ್ಬರು ಕಾಕಾಗಳು

ಕಸ ಹೋದರೂ ಬಟನ್ ಏಳಲಿಲ್ಲ. ಒಳಗಿನ ಸ್ಪ್ರಿಂಗು ಮುರಿದಿದೆ ಎಂದು ನನ್ನ ಹದ್ದಿನ ಕಣ್ಣು ತಟ್ಟನೆ ಕಂಡುಹಿಡಿಯಿತು, ಬೀಗರು ತಮ್ಮ ಚಾಳೀಸು ಕನ್ನಡಕ ಕೊಟ್ಟಮೇಲೆ.

ರವಿವಾರ ಪೇಟೆಯ ಬಾಜು ಓಣಿಯಲ್ಲಿ ಹಳೇ ಕಂಪ್ಯೂಟರ್ ಸಾಮಾನು ಇಡುವ ಅಂಗಡಿಯೊಂದಿದೆ. ಇಬ್ಬರೂ ಹೋದೆವು. ನಾನು ಸ್ಪ್ರಿಂಗು ಕೇಳುತ್ತಿದ್ದರೆ ಬೀಗರು ಗಂಟು ಅಪ್ಪಿಕೊಂಡು, ಯಾರಾದರೂ ಕಸಿದಾರು ಅಂತ ಹೊರಳಿ ಹೊರಳಿ ನೋಡುತ್ತಿದ್ದರು. ಅಂಗಡಿಯವ “ತೋರಿಸ್ರಿ” ಅಂದರೆ ಧೋತರದ ತುದಿ ಎತ್ತಿ ಮತ್ತೆ ಗಪ್ಪನೆ ಮುಚ್ಚಿದರು.

ಅಂಗಡಿಯವ ನಮ್ಮಿಬ್ಬರ ಬಿಳಿಗೂದಲು ನೋಡಿ ದನಿ ತಗ್ಗಿಸಿದ: “ಕಾಕಾ, ಈ ವಯಸ್ಸಿನಾಗ ಯಾಕ ಬೇಕ್ರಿ ಇದು? ಎಲ್ಲಿಂದ ಎತ್ತೀರಿ ಅಲ್ಲೇ ಸುಮ್ನ ಇಟ್ಟ ಬಂದಬಿಡ್ರಿ. ನಾ ಯಾರಿಗೂ ಹೇಳಾಂಗಿಲ್ಲ.”

೪. ಕೆಂಪು ಗುರುತು

ನಾವು ಕಳ್ಳರಲ್ಲವೆಂದು ಅವನಿಗೆ ನಂಬಿಸುವಷ್ಟರಲ್ಲಿ ಸಾಕುಸಾಕಾಯಿತು. ಸ್ಪ್ರಿಂಗು ಹುಡುಕಿ ಇಡತೀನಿ, ಮುಂದಿನ ವಾರ ಬರ್ರಿ ಅಂದ. ಅಲ್ಲಿತನಕ ಕೀಬೋರ್ಡು ನನ್ನಲ್ಲೇ ಇರಲಿ ಅಂದರೆ ಬೀಗರು ಗಂಟಿನ ಸಮೇತ ಖಾನಾಪುರದ ಬಸ್ಸು ಹತ್ತಿಬಿಟ್ಟರು.

ಮುಂದಿನ ವಾರ ಅದೇ ಗಂಟಿನೊಂದಿಗೆ ಬಂದರು. ಸ್ಪ್ರಿಂಗು ಸಿಕ್ಕಿತ್ತು. ಚಿಮಟಾದಿಂದ ಅದನ್ನು ಕೂಡಿಸಿ, ಟೊಪ್ಪಿಗೆ ಹಾಕಿ, ಕಂಪ್ಯೂಟರಿಗೆ ವಾಯರು ಜೋಡಿಸಿ ಎಂಟರ್ ಒತ್ತಿದೆ. ಕಟಕ್! ಪರದೆಯ ಮೇಲಿನ ಗೆರೆ ಕೆಳಗಿಳಿಯಿತು. ನಾನು ಮೀಸೆ ತಿರುವಿದೆ.

“ಬೀಗರ, ಈಗ ನಿಮ್ಮ ಹೆಸರ ಹೊಡೀರಿ.”

ಬೀಗರು ಮೊದಲ ಅಕ್ಷರ ಒತ್ತಿದರು. ಅಲ್ಲಾಡಲಿಲ್ಲ. ಬಾಜೂದು ಒತ್ತಿದರು. ಊಹೂಂ. ಹತ್ತೂ ಬೆರಳಿನಿಂದ ಎಲ್ಲ ಒತ್ತಿದರು. ಗೋಡೆಗೆ ಒತ್ತಿದಂತೆ!

“ಒಂದ ಕೆಟ್ಟಿತ್ರಿ! ಎಲ್ಲಾ ಕೆಡಿಸಿಟ್ಟರಲ್ರಿ!”

ನನ್ನ ಮಾನ ಖಾನಾಪುರದ ಬಸ್ಸಿನ ಕೆಳಗೆ ಹೋಯಿತು ಅಂದುಕೊಂಡೆ. ಒಂದು ಟೊಪ್ಪಿಗೆ ಕಿತ್ತೆ. ಕೆಳಗೆ ಕೆಂಪಗೆ, ಗಟ್ಟಿಯಾಗಿ ಒಣಗಿದ ಉಗುರುಬಣ್ಣ! ಇನ್ನೊಂದು ಕಿತ್ತೆ. ಅದೂ ಕೆಂಪು. ಬಣ್ಣ ಸಂದಿಗೆ ಇಳಿದು ಬಟನ್ನುಗಳನ್ನು ಬೆಸುಗೆ ಹಾಕಿದಂತೆ ಹಿಡಿದಿತ್ತು.

“ಇದೇನ್ರಿ ಬೀಗರ?”

“ಗುರುತ್ರಿ. ನೀವು ಒಳಗಿಂದು ಬದಲಿ ಮಾಡಿದ್ರ ಗೊತ್ತಾಗಲಿ ಅಂತ.”

“ಇಂಥಾ ಬುದ್ಧಿ ನಿಮಗ ಯಾರ ಹೇಳಿದ್ರು?”

“ನಿಮ್ಮ ಮಗಳ ಹೇಳಿದ್ಲು. ಬಣ್ಣಾನೂ ಆಕೀದ, ಹಚ್ಚಿದಾಕೀನೂ ಆಕೀನ.”

ಇಡೀ ಕೀಬೋರ್ಡಿನಲ್ಲಿ ಈಗ ಜೀವ ಇದ್ದದ್ದು ನನ್ನ ಎಂಟರ್ ಒಂದಕ್ಕೇ. ಅದರ ಕೆಳಗೆ ಮಾತ್ರ ಒಂದು ಹನಿ ಬಣ್ಣವಿರಲಿಲ್ಲ. ನನಗೆ ಎದೆ ತುಂಬಿ ಬಂತು. ಎಷ್ಟಾದರೂ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಅಪ್ಪನ ಕೈಗುಣ ಬಲ್ಲವಳು.

“ಎಂಟರಿಗೆ ಯಾಕ ಹಚ್ಚಲಿಲ್ರಿ?” ಎಂದು ಕೇಳಿದೆ.

“ಬಣ್ಣ ಇನ್ನೂ ಉಳಿದಿತ್ರಿ, ಆಕೀನ ಬ್ಯಾಡಂದ್ಲು. ‘ಮಾವಾರ, ಅದಕ್ಕ ಯಾಕ ಬಣ್ಣ ದಂಡ? ಅದಕ್ಕ ನಮ್ಮಪ್ಪ ಕೈ ಹಚ್ಚಾಂವ ಅದಾನ, ಅದು ಹೆಂಗೂ ಉಳಿಯಾಂಗಿಲ್ಲ’ ಅಂದ್ಲು.”