ಇಂಗದ ಇಂಗುಗುಂಡಿ

ನನಗೊಂದು ಕೆಟ್ಟ ಚಟವಿದೆ. ಎಲೆ ಅಡಿಕೆಯಲ್ಲ, ಇಸ್ಪೀಟೂ ಅಲ್ಲ. ಮೇಲಿನಿಂದ ಬಂದ ಕಾಗದವನ್ನು ನಂಬುವ ಚಟ. ಕೆಳಗೊಂದು ದುಂಡನೆಯ ಸರಕಾರಿ ಸಿಕ್ಕಾ ಬಿದ್ದಿದ್ದರೆ ಸಾಕು, ಕಣ್ಣಾರೆ ಕಂಡದ್ದಕ್ಕಿಂತ ಅದರಲ್ಲಿ ಬರೆದದ್ದೇ ನನಗೆ ಹೆಚ್ಚು ನಿಜವೆನಿಸುತ್ತದೆ. ನವಲಗುಂದ ಸೀಮೆಯ ಒಂದು ಸಣ್ಣ ಪಟ್ಟಣದ ಪಂಚಾಯಿತಿ ಕಚೇರಿಯಲ್ಲಿ ಗುಮಾಸ್ತನಾಗಿ ತಲೆ ನೆರೆಸಿಕೊಂಡವನು ನಾನು. ಊರಿನ ಹೆಸರು ಹೇಳುವುದಿಲ್ಲ, ದಿನಾ ಅಲ್ಲೇ ಓಡಾಡಬೇಕಲ್ಲ! ಇಷ್ಟು ವರ್ಷ ಈ ಚಟದಿಂದ ಕಷ್ಟವಾದದ್ದೇನಿದ್ದರೂ ಊರವರಿಗೆ. ಈ ಸಲ ಮಾತ್ರ ಅದು ನನ್ನ ಮನೆಗೇ ಬಂತು.

ಸುಸ್ಥಿರ ನಗರಾಭಿವೃದ್ಧಿ ಎಂಬ ಭಾರಿ ಹೆಸರು ಹೊತ್ತ ಸುತ್ತೋಲೆಯದು. ಹೊಸ ಮನೆ ಕಟ್ಟುವವರೆಲ್ಲ ಅಂಗಳದಲ್ಲಿ ಇಂಗುಗುಂಡಿ ತೋಡಬೇಕು, ಮಾಳಿಗೆಯ ಮಳೆನೀರನ್ನು ಅದಕ್ಕೆ ಬಿಟ್ಟು ಭೂಮಿಗೆ ಇಂಗಿಸಬೇಕು, ಇಲ್ಲದಿದ್ದರೆ ಮನೆ ಮುಗಿದ ಪ್ರಮಾಣಪತ್ರ ಸಿಗದು. ಜೊತೆಗೊಂದು ನಕ್ಷೆ. ಅದರಲ್ಲಿ ಜಲ್ಲಿ, ಮರಳು, ಅವುಗಳ ನಡುವೆ ಸರಸರನೆ ಕೆಳಕ್ಕಿಳಿಯುವ ನೀಲಿ ಬಾಣಗಳು. ನೀರು ಇಷ್ಟು ವಿಧೇಯವಾಗಿ ನಡೆದುಕೊಳ್ಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ತರಬೇತಿಗೆ ಕರೆದಾಗ ತೋರಿಸಿದ ಚಿತ್ರಗಳಲ್ಲಿ ಮಣ್ಣು ಅಗದಿ ಕೆಂಪಾಗಿತ್ತು. ನಮ್ಮ ಮಣ್ಣು ಕಪ್ಪು ಎಂಬುದು ಆಗ ನನಗೆ ನೆನಪಾಗಲಿಲ್ಲ. ಊಟಕ್ಕೆ ಜಾಮೂನಿತ್ತು. ಊರಿಗೆ ಬಂದವನೇ ಇಂಗ್ಲಿಷಿನ ಆ ಸುತ್ತೋಲೆಯನ್ನು ಕನ್ನಡದ ಒಂದು ಪುಟಕ್ಕೆ ಇಳಿಸಿ, ಆಟೋಗೆ ಮೈಕು ಕಟ್ಟಿಸಿ ಓಣಿ ಓಣಿಯಲ್ಲಿ ಸಾರಿಸಿದೆ. ದನಿಯೂ ನನ್ನದೇ.

ಅದೇ ವರ್ಷ ನಮ್ಮ ಮನೆಯೂ ಏಳುತ್ತಿತ್ತು. ಗೋಡೆ ಕಟ್ಟುತ್ತಿದ್ದವನು ಹುಸೇನಸಾಬ, ನಮ್ಮ ಸೀಮೆಯ ಹಳೆಯ ಗೌಂಡಿ. ನಕ್ಷೆಯನ್ನು ಅವನ ಮುಂದೆ ಹಾಸಿದೆ. ಅವನು ಅದನ್ನು ನೋಡಲಿಲ್ಲ, ನೆಲ ನೋಡಿದ.

"ಸಾಹೇಬ್ರ, ಇದು ಎರಿ ಮಣ್ಣ್ರಿ. ನೀರು ಇಂಗಂಗಿಲ್ಲ. ಕುಡದು ಕುಡದು ಉಬ್ಬತೈತಿ. ಗ್ವಾಡಿ ಬಾಜೂಕ ನೀರು ನಿಂದ್ರಸಬ್ಯಾಡ್ರಿ."

"ಹುಸೇನಸಾಬ್, ಇದನ್ನ ಶಾಣ್ಯಾರು ಕೂತು ಬರದಾರ."

"ಕುರ್ಚಿ ಮ್ಯಾಲ ಕೂತು ಬರದಾರ್ರಿ. ಹೊಲದಾಗ ನಿಂತು ಬರದಿಲ್ಲ."

ಎರೆಹೊಲದ ಗುಣ ನನಗೆ ಗೊತ್ತಿಲ್ಲವೆಂದಲ್ಲ. ಚಿಕ್ಕವನಿದ್ದಾಗ ಮೊರಬದ ಹಾದಿಯ ನಮ್ಮ ಹೊಲದಲ್ಲಿ, ಬೇಸಿಗೆಯ ಬಿರುಕೊಂದರೊಳಗೆ ನಮ್ಮ ಕಾಕಾನ ಎಲೆ ಅಡಿಕೆಯ ಚಂಚಿ ಜಾರಿ ಬಿದ್ದು, ಅವನು ಮಧ್ಯಾಹ್ನವಿಡೀ ಬೋರಲು ಮಲಗಿ ತೋಳಿಳಿಸಿ ತಡಕಾಡಿದ್ದ. ಮಳೆ ಬಿದ್ದ ಮರುದಿನ ಅದೇ ನೆಲ ನಮ್ಮ ಚಪ್ಪಲಿಗಳನ್ನು ಕಿತ್ತಿಟ್ಟುಕೊಳ್ಳುತ್ತಿತ್ತು. ಇಂಥ ಮಣ್ಣಿನಲ್ಲಿ ಬಿದ್ದು ಎದ್ದು ಬೆಳೆದ ನಾನು ಹುಸೇನಸಾಬನಿಗೆ ನೀಲಿ ಬಾಣ ತೋರಿಸಿ, "ನಿಯಮ ಅಂದ್ರ ನಿಯಮ. ತೋಡ್ರಿ" ಎಂದೆ. ಅವನು ತೋಡಿದ. ನಕ್ಷೆಯ ಪ್ರಕಾರವೇ, ಅಡುಗೆಮನೆಯ ಗೋಡೆಗೆ ಹತ್ತಿಕೊಂಡು.

ನಾವು ಒಳಹೊಕ್ಕ ಮೊದಲ ಮಳೆಗಾಲದಲ್ಲೇ ಗುಂಡಿ ತುಂಬಿತು. ನಾನು ಹಿಗ್ಗಿ ಹೆಂಡತಿ ಗಿರಿಜಾಳನ್ನು ಕರೆದು ತೋರಿಸಿದೆ. ವಾರವಾಯಿತು, ನೀರು ಹಾಗೇ ಇತ್ತು. ಎರಡನೆಯ ವಾರ ಕಪ್ಪೆಗಳು ಬಂದವು. ಮೂರನೆಯ ವಾರದ ಹೊತ್ತಿಗೆ ಸೊಳ್ಳೆಗಳು ನಮ್ಮನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದ್ದವು. ನಾನು ದಿನಾ ಕೋಲಿಳಿಸಿ ಅಳೆದು, "ಇಂಗಾಕತ್ತೈತಿ, ಸಾವಕಾಶ ಇಂಗಾಕತ್ತೈತಿ" ಎನ್ನುತ್ತಿದ್ದೆ. ಒಂದು ಮುಂಜಾನೆ ಅಡುಗೆಮನೆಯಿಂದ ಕೂಗು ಬಂತು.

"ನೋಡ್ರಿಲ್ಲೆ! ನಿಮ್ಮ ನೀರು ಎಲ್ಲಿ ಇಂಗೈತಿ ಅಂತ ತಿಳೀತು!"

ಒಲೆಯ ಕಟ್ಟೆಯಿಂದ ಕಿಟಕಿಯವರೆಗೆ ಗೋಡೆ ಸೀಳಿತ್ತು. ಗಿರಿಜಾ ಅದರೊಳಗೆ ಸೌಟಿನ ಹಿಡಿ ತೂರಿಸಿ ತೋರಿಸಿದಳು. ಅದು ತಡೆಯಿಲ್ಲದೆ ಒಳಹೋಯಿತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಇಬ್ಬರಿಗೂ ಅದರ ಕಡೆ ಲಕ್ಷ್ಯವಿರಲಿಲ್ಲ. ಹೊಸ ಮನೆಯ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಅದೇ ವಾರ ಮೇಲಿನಿಂದ ಒಬ್ಬ ಅಧಿಕಾರಿ ಇಂಗುಗುಂಡಿಗಳನ್ನು ನೋಡಲು ಬಂದರು. ನಮ್ಮ ಅಂಗಳದಲ್ಲಿ ನಿಂತು, ತುಂಬಿ ತುಳುಕುವ ಗುಂಡಿ ನೋಡಿ ಅವರ ಮುಖ ಅರಳಿತು. "ಎಷ್ಟು ನೀರು ಉಳಿಸಿದ್ದೀರಿ! ಇದು ಮಾದರಿ ಮನೆ ಕಣ್ರೀ" ಎಂದು ನನ್ನನ್ನು ಗುಂಡಿಯ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಇಂಗಬೇಕಾದ ನೀರು ಇಂಗದೆ ನಿಂತಿದೆ ಎಂದು ಹೇಳಲು ಬಾಯಿ ತೆರೆದೆ. ಫೋಟೋದಲ್ಲಿ ಅದು ನಗುವಿನಂತೆ ಬಂದಿದೆ. ಗಿರಿಜಾ ಬಾಗಿಲಲ್ಲಿ ನಿಂತು, "ಒಳಗ ಬರ್ರಿ ಸಾಹೇಬ್ರ, ಗ್ವಾಡಿದೂ ಒಂದು ಫೋಟೋ ತಗೀರಿ" ಎಂದಳು. ಅವರಿಗೆ ಸಮಯವಿರಲಿಲ್ಲ.

ಆಮೇಲೆ ನನಗೆ ಹೆದರಿಕೆ ಹತ್ತಿತು. ನಾನು ಬೆನ್ನುಹತ್ತಿ ಗುಂಡಿ ತೋಡಿಸಿದ ಮನೆಗಳು ಇನ್ನೂ ಇದ್ದವಲ್ಲ! ಮೊದಲು ಪಾರವ್ವನ ಮನೆಗೆ ಹೋದೆ. ಒಬ್ಬಳೇ ದುಡಿದು ಖಾನಾವಳಿ ನಡೆಸುವ ಹೆಂಗಸು, ಎರಡು ಕೋಣೆಯ ಹೊಸ ಮನೆ ಕಟ್ಟಿಕೊಂಡಿದ್ದಳು. ನನ್ನನ್ನು ಕಂಡವಳೇ ಅಂಗಳಕ್ಕೋಡಿ, ಅಲ್ಲಿ ಹಾಸಿದ್ದ ಕಲ್ಲುಚಪ್ಪಡಿಯ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

"ಪಾರವ್ವಾ, ಗುಂಡಿ ಎಲ್ಲೈತಿ?"

"ಐತ್ರಿ... ಇಲ್ಲೇ ಐತಿ. ನೋಟೀಸ್ ಕೊಡಬ್ಯಾಡ್ರಿ." ಎದ್ದು ಚಪ್ಪಡಿ ಸರಿಸಿದಳು. ಒಳಗೆ ನಾಲ್ಕೂ ಕಡೆ, ತಳಕ್ಕೂ ಸಿಮೆಂಟಿನ ಗಿಲಾವು. ತಿಳಿಯಾದ ನೀರು. "ಗ್ವಾಡಿ ಬಿರಕ ಬಿಡಾಕ ಹತ್ತಿತ್ರಿ. ಹುಸೇನಸಾಬಗ ಹೇಳಿ ಗಿಲಾವು ಮಾಡಿಸಿ ಮುಚ್ಚಿಬಿಟ್ನಿ. ಬೋರಿನ ಸವಳ ನೀರಾಗ ಬ್ಯಾಳಿ ಬೇಯಂಗಿಲ್ಲ. ಇದರಾಗ ಬೆಣ್ಣಿ ಆಗತೈತಿ ನೋಡ್ರಿ."

ಅವಳ ಗೋಡೆಯನ್ನೂ ನೋಡಿದೆ. ನಮ್ಮದಕ್ಕಿಂತ ದೊಡ್ಡ ಬಿರುಕು, ಅದರ ಮೇಲೊಂದು ಕ್ಯಾಲೆಂಡರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ, ನನಗೆ ಹೆದರಿದ್ದಳು. ಆ ನೀರಿನಲ್ಲಿ ಬೇಯಿಸಿದ ಬೇಳೆಸಾರು ಬಡಿಸಿ ಊಟ ಮಾಡಿಸಿಯೇ ಕಳಿಸಿದಳು.

ಸಿಟ್ಟು ನೆತ್ತಿಗೇರಿ ನೇರ ಕಚೇರಿಗೆ ಹೋದೆ. ಮೇಲಿನವರಿಗೆ ಜನ್ಮದಲ್ಲಿ ಬರೆಯದಂಥ ಕಾಗದ ಬರೆಯಲು ಕೂತೆ. ಎಲ್ಲ ಊರಿಗೂ ಒಂದೇ ಗುಂಡಿ ಬರೆದವರ ಬುದ್ಧಿಯನ್ನು, ಕೆಂಪು ಮಣ್ಣನ್ನು, ಆ ಬಾಣಗಳನ್ನು ಹಿಡಿದು ಝಾಡಿಸಿದೆ. ನಿಯಮದ ಸಂಖ್ಯೆ ನಮೂದಿಸಲೆಂದು ಮೂಲ ಸುತ್ತೋಲೆ ತೆಗೆದು ಪುಟ ತಿರುವುತ್ತ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಸಾಮಾನ್ಯವಾಗಿ ಯಾರ್ಯಾರಿಗೆ ಪ್ರತಿ ಹೋಗಿದೆ ಎಂಬ ಪಟ್ಟಿ ಇರುತ್ತದೆಂದು ಕನ್ನಡ ಮಾಡುವಾಗ ನಾನು ಆ ಪುಟ ಓದಿರಲೇ ಇಲ್ಲ. ಅದರ ನೆತ್ತಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಎರೆಮಣ್ಣಿನಂಥ ನೀರಿಂಗದ ನೆಲವಿದ್ದಲ್ಲಿ, ಸ್ಥಳೀಯ ಪರಿಸ್ಥಿತಿ ನೋಡಿ, ಇಂಗುಗುಂಡಿಯ ಬದಲು ಗಿಲಾವು ಮಾಡಿದ ಮುಚ್ಚಿದ ತೊಟ್ಟಿಗೆ ಅನುಮತಿ ಕೊಡತಕ್ಕದ್ದು.

ಇಷ್ಟು ಚೆನ್ನಾಗಿ ಕುದಿಸಿದ ಸಿಟ್ಟನ್ನು ಯಾರಿಗೆ ಬಡಿಸಲಿ? ಬರೆದ ಕಾಗದ ಹರಿದೆ. ಹೊಸ ತಿಳುವಳಿಕೆ ಪತ್ರ ಬರೆದು, ಮೊದಲು ಪಾರವ್ವನ ಮನೆಗೇ ಒಯ್ದೆ. ನಿನ್ನ ತೊಟ್ಟಿ ತಪ್ಪಲ್ಲ, ಅದೇ ನಿಯಮ ಎಂದೆ. ಕೊನೆಯ ಪುಟ ಓದದೆ ಬಿಟ್ಟ ನನ್ನದೇ ತಪ್ಪು ಎಂದು ಒಪ್ಪಿಕೊಂಡೆ. ಅವಳು ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ವಾಪಸು ಕೊಟ್ಟಳು.

"ಇದನ್ನರ ಪೂರಾ ಓದೀರೇನ್ರಿ ಸಾಹೇಬ್ರ?"

ಅಲ್ಲೇ ಚಪ್ಪಡಿಯ ಮೇಲೆ ಕೂತು, ಮೊದಲಿನಿಂದ ಸಿಕ್ಕಾದವರೆಗೆ ಗಟ್ಟಿಯಾಗಿ ಓದಿ ಹೇಳಿದೆ. ನಡುವೆ ಎರಡು ತಪ್ಪು ಸಿಕ್ಕವು.